ಮನೆಯ ಧ್ವನಿಮುದ್ರಣದಲ್ಲಿ ಹಳೆಯದೂ ಹೊಸದೂ

ನಮ್ಮ ಕಾಲೇಜಿನ ಸಂಗೀತಾಸಕ್ತ ಮಿತ್ರರಲ್ಲಿ ಈಚೆಗೆ ಎರಡು ಪಂಗಡಗಳು ಹುಟ್ಟಿಕೊಂಡಿವೆ. ಮನೆಯಲ್ಲಿಯೇ ಕುಳಿತು ಹಾಡನ್ನು ಮುದ್ರಿಸಬೇಕೆಂಬ ಹಂಬಲ ಎರಡಕ್ಕೂ ಸಮಾನ. ಆದರೆ ಒಂದು ಪಂಗಡದವರ ಮತದಲ್ಲಿ ವಾಲ್ವು, ಟ್ರಾನ್ಸ್‌ಫಾರ್ಮರು, ಟೇಪುಗಳಿಂದ ಕೂಡಿದ ಅನಲಾಗ್ ಯಂತ್ರವಿಲ್ಲದೆ ನಾದಕ್ಕೆ ಜೀವವೇ ಬಾರದು. ಇನ್ನೊಂದು ಪಂಗಡದವರು, ಗಣಕದೊಳಗೆ ಪ್ಲಗಿನ್‌ಗಳಿರುವಾಗ ಆ ಕಬ್ಬಿಣದ ಪೆಟ್ಟಿಗೆಗಳು ಏತಕ್ಕೆ ಎಂದು ನಗುತ್ತಾರೆ. ಕ್ಯಾಂಟೀನಿನಲ್ಲಿ ಕಾಫಿ ಆರಿ ತಣ್ಣಗಾಗುವವರೆಗೆ ಈ ವಾದ ನಡೆಯುವುದನ್ನು ನಾನು ಕೇಳಿದ್ದೇನೆ. ಎರಡು ಕಡೆಯವರ ಮಾತಿನಲ್ಲಿಯೂ ಸತ್ಯಾಂಶವುಂಟು. ಆದರೂ ಯಾವ ಕೆಲಸಕ್ಕೆ ಯಾವುದು ತಕ್ಕದ್ದು, ಕೈಯಲ್ಲಿರುವ ಸ್ವಲ್ಪ ಹಣವನ್ನು ಮೊದಲು ಎಲ್ಲಿ ಹಾಕಬೇಕು, ಎಲ್ಲಕ್ಕಿಂತ ಮಿಗಿಲಾಗಿ ಯಾರ ಕಂಠವನ್ನು ಮುದ್ರಿಸಬೇಕು ಎಂಬ ಪ್ರಶ್ನೆಗಳನ್ನು ಇಬ್ಬರೂ ಕೇಳುತ್ತಿಲ್ಲವೆಂದು ನನ್ನ ಅಭಿಪ್ರಾಯ.

ವಿಷಯ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಹಾಡುವವರ ಬಾಯಿಂದ ಹೊರಟ ಗಾಳಿಯ ಅಲೆಯನ್ನು ಮೈಕು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುತ್ತದೆ. ಆ ಅಲೆ ಏರಿಳಿದಂತೆಯೇ ಏರಿಳಿಯುತ್ತ ತಂತಿಯಲ್ಲಿ, ಟ್ರಾನ್ಸ್‌ಫಾರ್ಮರಿನಲ್ಲಿ, ಟೇಪಿನ ಮೇಲಣ ಕಾಂತದ ಲೇಪದಲ್ಲಿ ಸಾಗಿದರೆ ಅದು ಅನಲಾಗ್ ಪದ್ಧತಿ. ಅದೇ ಅಲೆಯ ಎತ್ತರವನ್ನು ಸೆಕೆಂಡಿಗೆ ಸಹಸ್ರಾರು ಸಲ ಅಳೆದು ಅಂಕೆಗಳಾಗಿ ಬರೆದಿಟ್ಟರೆ ಅದು ಡಿಜಿಟಲ್ ಪದ್ಧತಿ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಈ ಅಳತೆ ಸೆಕೆಂಡಿಗೆ 44,100 ಸಲ. ಈ ಅಂಕೆಗಳ ಮೇಲೆ ಲೆಕ್ಕ ಮಾಡಿ ದನಿಯನ್ನು ತಿದ್ದುವ, ಮುಖ್ಯ ತಂತ್ರಾಂಶದೊಳಗೆ ಸಿಕ್ಕಿಸಿಕೊಳ್ಳುವ ಚಿಕ್ಕ ತಂತ್ರಾಂಶಕ್ಕೆ ಪ್ಲಗಿನ್ ಎಂದು ಹೆಸರು. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ 1996ರಲ್ಲಿ ವಿ.ಎಸ್.ಟಿ. ಎಂಬ ಪದ್ಧತಿಯನ್ನು ಹೊರತಂದ ಮೇಲೆ ಇವು ಸಾಮಾನ್ಯರ ಗಣಕಗಳಿಗೂ ಬಂದವು.

ನಾವು ವಾಸಿಸುವ ಬೆಂಗಳೂರಿನ ದಂಡು ಪ್ರದೇಶಕ್ಕೂ ಅದರ ಪೂರ್ವ ಭಾಗಕ್ಕೂ ಈ ವಿದ್ಯೆ ಪರಕೀಯವೇನಲ್ಲ. ಮನುಷ್ಯನ ದನಿಯನ್ನು ವಿದ್ಯುತ್ತಾಗಿಸುವ ಕೆಲಸವನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡ ಸಂಸಾರಗಳು ಕೃಷ್ಣರಾಜಪುರದ ಕಡೆ ಎಷ್ಟೋ ಇದ್ದವು. ಅಲ್ಲಿಯ ದೂರವಾಣಿನಗರಕ್ಕೆ ಆ ಹೆಸರು ಬಂದದ್ದೇ 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದ. ದನಿಯನ್ನು ಅಂಕೆಗಳಾಗಿಸುವ ಉಪಾಯ ಮೊದಲು ಹೊಳೆದದ್ದೂ ಟೆಲಿಫೋನಿನ ಕೆಲಸದಲ್ಲಿದ್ದ ಅಲೆಕ್ ರೀವ್ಸ್ ಎಂಬ ಆಂಗ್ಲ ಇಂಜಿನಿಯರರಿಗೆ, 1937ರಲ್ಲಿ. ಹಲಸೂರಿನಿಂದಾಚೆಗೆ ವಿಮಾನ ಕಟ್ಟುವ ಎಚ್.ಎ.ಎಲ್. 1940ರಲ್ಲಿ ಆರಂಭವಾಯಿತಷ್ಟೆ, ಅಲ್ಲಿ ಇಂಜಿನಿಯರರಾಗಿದ್ದ, ಸ್ವತಃ ಕೊಳಲುವಾದಕರಾದ ಜಿ. ರಾಜ್ ನಾರಾಯಣ್ ಅವರು 1970ರ ದಶಕದಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳ ಕೆಲಸಕ್ಕೆ ಕೈಹಾಕಿ ರೇಡೆಲ್ ಎಂಬ ಸಂಸ್ಥೆಯನ್ನು ಬೆಳೆಸಿದರು. ಪೆಟ್ಟಿಗೆಯ ತಂಬೂರಿಗೆ ಜೀವವಿಲ್ಲವೆಂದು ಹೀಗಳೆದವರು ಆಗಲೂ ಇದ್ದರು. ಇಂದು ಕಚೇರಿಯ ವೇದಿಕೆಯ ಮೇಲೆ ಅದು ಮರದ ತಂಬೂರಿಯ ಪಕ್ಕದಲ್ಲಿಯೇ ಕುಳಿತಿರುತ್ತದೆ, ಯಾರೂ ಬೆರಗಾಗುವುದಿಲ್ಲ. ಹಳೆಯದೂ ಹೊಸದೂ ಜೊತೆಗೂಡಿ ಬಾಳಬಲ್ಲವೆಂಬುದಕ್ಕೆ ನಮ್ಮ ಊರಿನದೇ ಸಾಕ್ಷಿ ಇದು.

ಈಗ ಅನಲಾಗ್ ಪಕ್ಷದವರ ವಾದವನ್ನು ನೋಡೋಣ. ಹಳೆಯ ಯಂತ್ರದ ದನಿ 'ಬೆಚ್ಚಗಿದೆ' ಎಂದು ಅವರು ಹೇಳುತ್ತಾರೆ. ಇದು ಕೇವಲ ಭ್ರಮೆಯಲ್ಲ, ಅದಕ್ಕೆ ಕಾರಣವಿದೆ. ಟೇಪಿನ ಕಾಂತದ ಲೇಪ ಒಂದು ಮಿತಿಯವರೆಗೆ ಮಾತ್ರ ದನಿಯನ್ನು ಹಿಡಿಯಬಲ್ಲದು. ಮಿತಿ ಸಮೀಪಿಸಿದಾಗ ಅಲೆಯ ಶಿಖರಗಳು ಮೆಲ್ಲಗೆ ದುಂಡಾಗುತ್ತವೆ, ಮೂಲದಲ್ಲಿಲ್ಲದ ಕೆಲವು ಅನುರಣನ ಸ್ವರಗಳು ಸೇರಿಕೊಳ್ಳುತ್ತವೆ. ವಾಲ್ವು, ಟ್ರಾನ್ಸ್‌ಫಾರ್ಮರುಗಳೂ ತಮ್ಮ ತಮ್ಮ ರೀತಿಯಲ್ಲಿ ಹೀಗೆಯೇ ಮಾಡುತ್ತವೆ. ಶಾಸ್ತ್ರದ ಪ್ರಕಾರ ಇದು ವಿಕಾರ. ಕಿವಿಗೆ ಮಾತ್ರ ಹಿತ. ಆದರೆ ವಿಕಾರವೆಂದ ಮೇಲೆ ಅದನ್ನು ಅಳೆಯಬಹುದು, ಅಳೆದದ್ದನ್ನು ಲೆಕ್ಕದಲ್ಲಿ ಅನುಕರಿಸಲೂಬಹುದು. ಪ್ಲಗಿನ್ ಬರೆಯುವವರು ಮಾಡುತ್ತಿರುವುದು ಅದನ್ನೇ.

ಒಂದು ಉದಾಹರಣೆ ಕೊಡುತ್ತೇನೆ. 1957ರಲ್ಲಿ ಜರ್ಮನಿಯ ಇ.ಎಂ.ಟಿ. ಸಂಸ್ಥೆ ಸಭಾಂಗಣದ ಪ್ರತಿಧ್ವನಿಯನ್ನು ಹೋಲುವ ದನಿಯನ್ನು ಕೊಡಲು 140 ಎಂಬ ಯಂತ್ರವನ್ನು ತಯಾರಿಸಿತು. ದೊಡ್ಡದೊಂದು ಉಕ್ಕಿನ ತಗಡನ್ನು ಚೌಕಟ್ಟಿನಲ್ಲಿ ಬಿಗಿದು ತೂಗುಹಾಕಿ, ದನಿಯಿಂದ ಅದನ್ನು ನಡುಗಿಸಿ, ಆ ನಡುಕವನ್ನು ಮತ್ತೆ ವಿದ್ಯುತ್ತಾಗಿ ಹಿಡಿಯುವ ಏರ್ಪಾಡು ಅದು. ಅದರ ತೂಕ ಸುಮಾರು 270 ಕಿಲೋಗ್ರಾಂ. ಹಲಸೂರಿನ ಹಳೆಯ ಬೀದಿಗಳಲ್ಲಿ ಮಹಡಿಯ ಮೇಲೆ ಒಂದು ಕೋಣೆ ಹಿಡಿದಿರುವ ನಮ್ಮಂಥವರು ಅದನ್ನು ಕೊಳ್ಳುವುದಿರಲಿ, ಮೆಟ್ಟಿಲು ಹತ್ತಿಸುವುದೂ ಸಾಧ್ಯವಿಲ್ಲ. ಅದನ್ನು ಅನುಕರಿಸುವ ಪ್ಲಗಿನ್ನಿಗೆ ತೂಕವೇ ಇಲ್ಲ. ಇಂಥಲ್ಲಿ ಹೊಸದನ್ನು ಹಳಿಯುವುದು ಹಠವೇ ಹೊರತು ವಿವೇಕವಲ್ಲ.

ಅಂಕೆಗಳಾದ ದನಿ ಮೆಟ್ಟಿಲು ಮೆಟ್ಟಿಲಾಗಿ ಒಡೆದುಹೋಗುತ್ತದೆ ಎಂಬ ಆಕ್ಷೇಪಣೆಯೂ ಉಂಟು. ಇದು ಸರಿಯಲ್ಲ. ಒಂದು ಅಲೆಯಲ್ಲಿರುವ ಅತ್ಯುಚ್ಚ ಆವರ್ತನದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಆ ಅಳತೆಗಳಿಂದಲೇ ಮೂಲದ ಅಲೆಯನ್ನು ನಯವಾಗಿ ಮರಳಿ ಪಡೆಯಬಹುದೆಂಬ ಸಿದ್ಧಾಂತವನ್ನು ಕ್ಲಾಡ್ ಶ್ಯಾನನ್ 1949ರ ತಮ್ಮ ಲೇಖನದಲ್ಲಿ ವಿವರಿಸಿದ್ದಾರೆ. ಮನುಷ್ಯನ ಕಿವಿಯ ಮಿತಿ ಸುಮಾರು 20,000 ಆವರ್ತನ. ಹಾಗಾದರೆ 44,100 ಏಕೆಂಬುದು ಯಾರಿಗಾದರೂ ಅರ್ಥವಾದೀತು.

ಇಷ್ಟು ಹೇಳಿದ್ದರಿಂದ ನಾನು ಪ್ಲಗಿನ್ ಪಕ್ಷದವನೆಂದು ತಿಳಿಯಬಾರದು. ಆ ಪಕ್ಷದವರು ಮರೆಯುವ ಸಂಗತಿಯೊಂದಿದೆ. ಗಾಳಿಯ ಅಲೆ ಅಂಕೆಯಾಗುವುದಕ್ಕೆ ಮುಂಚೆ ಕೋಣೆ, ಮೈಕು, ದನಿಯನ್ನು ಬಲಪಡಿಸುವ ಪ್ರಿಆಂಪ್ಲಿಫೈಯರು ಇವಿಷ್ಟನ್ನೂ ದಾಟಿಯೇ ಬರಬೇಕು. ಇವೆಲ್ಲವೂ ಅನಲಾಗ್. ಇಲ್ಲಿ ಕೆಟ್ಟದ್ದನ್ನು ಮುಂದೆ ಯಾವ ಲೆಕ್ಕವೂ ಪೂರ್ತಿಯಾಗಿ ಸರಿಪಡಿಸಲಾರದು.

ನಮ್ಮ ಕಡೆಯ ಮನೆಗಳನ್ನೇ ನೋಡಿರಿ. ಶಿವಾಜಿನಗರದ ಬಸ್ಸುಗಳ ಹಾರನ್ನು, ಇಂದಿರಾನಗರದ ಮೇಲ್ಸೇತುವೆಯ ಮೇಲೆ 2011ರಿಂದ ಓಡುತ್ತಿರುವ ಮೆಟ್ರೊ, ಪಕ್ಕದ ಮನೆಯ ಕುಕ್ಕರಿನ ಸಿಳ್ಳು, ಮಸೀದಿಯ ಆಜಾನು, ಚರ್ಚಿನ ಗಂಟೆ, ದೇವಸ್ಥಾನದ ನಾಗಸ್ವರ ಎಲ್ಲವೂ ನಮ್ಮ ಮೈಕಿಗೆ ಬರುತ್ತವೆ. ಸದ್ದನ್ನು ತೆಗೆಯುವ ಪ್ಲಗಿನ್‌ಗಳು ಇವೆಯೆಂಬುದು ನಿಜ. ಆದರೆ ಸದ್ದಿನೊಂದಿಗೆ ಹಾಡುವವರ ಉಸಿರನ್ನೂ ಮಾತಿನ ಅಂಚನ್ನೂ ಅವು ಸವರಿಹಾಕುತ್ತವೆ. ಅದಕ್ಕಿಂತ, ಹಿಂದಿನಿಂದ ಬರುವ ದನಿಯನ್ನು ಅಷ್ಟಾಗಿ ಹಿಡಿಯದ ಒಂದು ಸಾಧಾರಣ ಡೈನಮಿಕ್ ಮೈಕನ್ನು ಬಾಯಿಗೆ ಗೇಣುದೂರದಲ್ಲಿಟ್ಟು, ಗೋಡೆಗಳಿಗೆ ಕೌದಿಯನ್ನೋ ಹತ್ತಿಯ ಹಾಸಿಗೆಯನ್ನೋ ಒರಗಿಸಿ, ಬೆಳಗಿನ ಜಾವ ನಾಲ್ಕು ಗಂಟೆಗೆ ಹಾಡಿಸುವುದು ಮೇಲು. ಇದಕ್ಕೆ ತಗಲುವ ವೆಚ್ಚವೂ ಕಡಿಮೆ.

ಇನ್ನೊಂದು ಉಪದ್ರವ ವಿದ್ಯುತ್ತಿನ ಗುಂಯ್‌ಗುಡುವಿಕೆ. ನಮ್ಮ ದೇಶದ ವಿದ್ಯುತ್ತಿನ ಆವರ್ತನ 50. ಹಳೆಯ ಮನೆಗಳಲ್ಲಿ ಅರ್ತಿಂಗ್ ಸರಿಯಿಲ್ಲದಿದ್ದರೆ ಆ 50ರ ಜೊತೆಗೆ 100, 200 ಮೊದಲಾದ ಅದರ ಗುಣಕಗಳೂ ಮುದ್ರಣದಲ್ಲಿ ಸೇರುತ್ತವೆ. ಗಣಕದಲ್ಲಿ ಆ ಆವರ್ತನಗಳನ್ನು ಮಾತ್ರ ಕತ್ತರಿಸಬಹುದಲ್ಲ ಎಂದು ಕೇಳಬಹುದು. ಆದರೆ ಹೆಂಗಸರು ಸಾಮಾನ್ಯವಾಗಿ ಹಾಡುವ ಶ್ರುತಿಗಳಲ್ಲಿ ಒಂದಾದ ಐದನೆಯ ಬಿಳಿ ಮನೆಯ ಷಡ್ಜ 196 ಆವರ್ತನದ್ದು. 200ರಲ್ಲಿ ಕತ್ತರಿ ಆಡಿಸಿದರೆ ಗುಂಯ್‌ಗುಡುವಿಕೆಯ ಜೊತೆಗೆ ಹಾಡಿನ ಆಧಾರ ಷಡ್ಜವೇ ಸೊರಗುತ್ತದೆ. ವಿದ್ಯುತ್ ಕೆಲಸದವರನ್ನು ಕರೆಸಿ ಅರ್ತಿಂಗ್ ಸರಿಪಡಿಸುವುದು ಯಾವ ಪ್ಲಗಿನ್ನಿಗಿಂತಲೂ ಲೇಸು.

ಅಳತೆಯ ವಿಷಯದಲ್ಲಿಯೂ ಎರಡು ಪದ್ಧತಿಗಳ ಸ್ವಭಾವ ಬೇರೆ. ದನಿ ಹೆಚ್ಚಾದಾಗ ಟೇಪು ಮೆಲ್ಲಗೆ ಬಾಗುತ್ತದೆ. ಅಂಕೆ ತನ್ನ ಗರಿಷ್ಠ ಮಿತಿಗೆ ತಾಗಿ ಒಮ್ಮೆಲೇ ಮುರಿಯುತ್ತದೆ. ಆದ್ದರಿಂದ 24 ಬಿಟ್ಟಿನಲ್ಲಿ ಮುದ್ರಿಸುತ್ತ, ಶಿಖರವನ್ನು ಮಿತಿಗಿಂತ 12 ಡೆಸಿಬೆಲ್ ಕೆಳಗೇ ಉಳಿಸಿಕೊಳ್ಳುವುದು ಕ್ಷೇಮ. ಗಣಕದ ಮೂಲಕ ತಮ್ಮ ದನಿಯನ್ನು ತಾವೇ ಕೇಳಿಕೊಳ್ಳುವಾಗ ತಡವಾಗುತ್ತದೆಂದು ದೂರುವವರಿಗೆ ಒಂದು ಲೆಕ್ಕ: 256 ಅಳತೆಗಳ ತಡವೆಂದರೆ ಸೆಕೆಂಡಿನ ಸಾವಿರದಲ್ಲಿ ಸುಮಾರು ಆರು ಭಾಗ. ಎರಡು ಮೀಟರು ದೂರದಲ್ಲಿ ಕುಳಿತ ಮೃದಂಗದವರ ಪೆಟ್ಟು ನಮ್ಮ ಕಿವಿಗೆ ಮುಟ್ಟಲೂ ಅಷ್ಟೇ ಹೊತ್ತು ಬೇಕು. ಗಣಕದೊಳಕ್ಕೆ ಹೋಗುವಾಗೊಮ್ಮೆ ಬರುವಾಗೊಮ್ಮೆ ತಡವಾಗಿ ಅದು ಇಮ್ಮಡಿಯಾದರೂ ಅಭ್ಯಾಸವಿದ್ದವರು ನಿಭಾಯಿಸಬಲ್ಲರು. ಅಷ್ಟೂ ಬೇಡವೆನ್ನುವವರು ಗಣಕಕ್ಕೆ ಹೋಗುವ ಮುನ್ನವೇ ಅನಲಾಗ್ ಮಿಕ್ಸರಿನಿಂದ ಕೇಳಿಕೊಳ್ಳಬಹುದು.

ಪ್ಲಗಿನ್‌ಗಳಲ್ಲಿ ನಾನು ಬಹಳವಾಗಿ ಅಂಜುವುದು ಸ್ವರವನ್ನು ತಿದ್ದುವ ಬಗೆಯದಕ್ಕೆ. ತೈಲಶೋಧನೆಗಾಗಿ ಭೂಮಿಯ ಕಂಪನಗಳನ್ನು ಲೆಕ್ಕಹಾಕುವ ಕೆಲಸದಲ್ಲಿದ್ದ ಆಂಡಿ ಹಿಲ್ಡೆಬ್ರ್ಯಾಂಡ್ ಎಂಬ ಅಮೆರಿಕದ ವಿಜ್ಞಾನಿ 1997ರಲ್ಲಿ ಆಟೊ-ಟ್ಯೂನ್ ಎಂಬುದನ್ನು ಹೊರತಂದರು. ಬುದ್ಧಿವಂತಿಕೆಯ ಕೆಲಸವೇ ಸರಿ. ಆದರೆ ಹಾಗೆಯೇ ಓಡಲು ಬಿಟ್ಟರೆ ಅದು ಪ್ರತಿಯೊಂದು ಸ್ವರವನ್ನೂ ಪಿಯಾನೋದ ಹನ್ನೆರಡು ಮನೆಗಳಲ್ಲಿ ಯಾವುದೋ ಒಂದಕ್ಕೆ ಎಳೆದು ಕೂರಿಸುತ್ತದೆ. ನಮ್ಮ ತೋಡಿ ರಾಗದ ಗಾಂಧಾರ ಒಂದು ಮನೆಯಲ್ಲಿ ನಿಂತಿರುವ ಸ್ವರವಲ್ಲ. ತೂಗಾಡುವುದೇ ಅದರ ಬಾಳು. ಆ ತೂಗಾಟವನ್ನು ಯಂತ್ರ ತಪ್ಪೆಂದು ಎಣಿಸುತ್ತದೆ.

ನಮ್ಮ ಸೋದರತ್ತೆಗೆ ಈಗ ಎಪ್ಪತ್ತನಾಲ್ಕು ವರ್ಷ. ಮದುವೆ ಮನೆಗಳಲ್ಲಿ ಸೋಬಾನೆ ಹೇಳುವುದರಲ್ಲಿ ಅವರ ಸಮಾನರು ನಮ್ಮ ಬಳಗದಲ್ಲಿ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ಮನೆಯ ಹಿರಿಯರು ಅವರನ್ನು ಒಂದು ಸ್ಟುಡಿಯೋಕ್ಕೆ ಕರೆದೊಯ್ದು ಹದಿನೈದು ಹಾಡುಗಳನ್ನು ಮುದ್ರಿಸಿದರು. ಅಲ್ಲಿಯವರು ಕೇಳದೆಯೇ ಎಲ್ಲವನ್ನೂ 'ಶ್ರುತಿಗೆ ಕೂರಿಸಿ' ಕೊಟ್ಟರು. ಅತ್ತೆ ಕೇಳಿದರು. ಎರಡು ಹಾಡು ಮುಗಿಯುವವರೆಗೆ ಏನೂ ಹೇಳಲಿಲ್ಲ. ಆಮೇಲೆ, "ಯಾರೋ ಚೆನ್ನಾಗೇ ಹಾಡಿದ್ದಾರೆ ಕಣಪ್ಪ. ನಂದು ಯಾವಾಗ ಹಾಕ್ತೀರಿ?" ಎಂದರು. ತಿದ್ದುವ ಮುಂಚಿನ ಮೂಲಪ್ರತಿಯನ್ನು ಕೇಳಲು ಹೋದರೆ ಅದನ್ನು ಅಳಿಸಿಬಿಟ್ಟಿದ್ದರು. ಈಗ ಅತ್ತೆಗೆ ಉಸಿರು ನಿಲ್ಲುವುದಿಲ್ಲ. ಒಂದು ಸಾಲು ಹೇಳುವುದರೊಳಗೆ ಆಯಾಸಪಡುತ್ತಾರೆ. ಆ ಹದಿನೈದು ಹಾಡುಗಳು ಇನ್ನು ಅವರ ಕಂಠದಲ್ಲಿ ನಮಗೆ ದೊರೆಯಲಾರವು. ಅನಲಾಗ್ ಮೇಲೋ ಡಿಜಿಟಲ್ ಮೇಲೋ ಎಂಬ ವಾದ ಕೇಳಿಬಂದಾಗಲೆಲ್ಲ ನನಗೆ ಈ ಸಂಗತಿಯೇ ನೆನಪಿಗೆ ಬರುತ್ತದೆ. ತಿದ್ದುವ ಕೈಯಲ್ಲಿ ಮರ್ಯಾದೆ ಇಲ್ಲದಿದ್ದರೆ ಯಾವ ಪದ್ಧತಿಯೂ ರಕ್ಷಿಸಲಾರದು.

ಆದುದರಿಂದ ನನ್ನ ಸಲಹೆ ಹೀಗಿದೆ. ಮೊದಲು ಕೋಣೆ, ಮೈಕು, ಅರ್ತಿಂಗುಗಳಿಗೆ ಹಣ ಹಾಕಬೇಕು. ಒಂದು ಒಳ್ಳೆಯ ಪ್ರಿಆಂಪ್ಲಿಫೈಯರು ದೊರೆತರೆ ಬಿಡಬಾರದು, ದೊರೆಯದಿದ್ದರೆ ಕೊರಗಬಾರದು. ಸಮತೋಲನ, ಪ್ರತಿಧ್ವನಿ, ಟೇಪಿನ ಹಿತವಾದ ವಿಕಾರ ಇವನ್ನೆಲ್ಲ ಪ್ಲಗಿನ್‌ಗಳಿಂದ ಪಡೆಯಬಹುದು, ಏಕೆಂದರೆ ಅವನ್ನು ಯಾವಾಗ ಬೇಕಾದರೂ ತೆಗೆದುಹಾಕಲು ಬರುತ್ತದೆ. ಕೈಯಿಂದ ಹಣ ಕೊಡಲಾರದವರಿಗೆ 2000ದಲ್ಲಿ ಹೊರಬಂದ ಆಡಾಸಿಟಿಯಂಥ ಉಚಿತ ತಂತ್ರಾಂಶಗಳೇ ಸಾಕಾದಷ್ಟಿವೆ. ಏನೇ ತಿದ್ದಿದರೂ ಮೂಲದ ಮುದ್ರಣವನ್ನು ತಿದ್ದದೆ ಎರಡು ಕಡೆ ಜೋಪಾನವಾಗಿಡಬೇಕು. ಟೇಪು ಬೂಷ್ಟು ಹಿಡಿಯುತ್ತದೆ. ಇಂದಿನ ಪ್ಲಗಿನ್ ನಾಳಿನ ಗಣಕದಲ್ಲಿ ತೆರೆಯದೆ ಹೋಗಬಹುದು. ಸಾಮಾನ್ಯವಾದ ವೇವ್ ಕಡತದ ಎರಡು ಪ್ರತಿಗಳು ಇವೆರಡಕ್ಕಿಂತ ನಂಬಿಕಸ್ಥವಾದುವು.

ಕಡೆಯದಾಗಿ ಅಧ್ಯಾಪಕ ವರ್ಗದವರಲ್ಲಿ ಒಂದು ಬಿನ್ನಹ. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂದಾಗ ಕನ್ನಡದ ಭಾವಗೀತೆ ಮನೆಮನೆಗೆ ಹೊಕ್ಕಿತು. ಅಂದು ಮನೆಯವರು ಕೇಳುವವರು ಮಾತ್ರ. ಇಂದು ಮುದ್ರಿಸುವವರೂ ಆಗಬಹುದು. ನಮ್ಮ ಕಾಲೇಜಿಗೆ ಬರುವವರ ಮನೆಗಳಲ್ಲಿ ಕನ್ನಡವಲ್ಲದೆ ತಮಿಳು, ತೆಲುಗು, ದಖನಿ ಉರ್ದು ಮಾತುಗಳಿವೆ. ಒಂದೊಂದು ಮನೆಯಲ್ಲಿಯೂ ಲಾಲಿ, ಮದುವೆಯ ಹಾಡು, ಹಬ್ಬದ ಹಾಡು ಬಲ್ಲ ಅಜ್ಜಿಯಂದಿರಿದ್ದಾರೆ. ಗ್ರಂಥಾಲಯದ ಹಿಂದಿರುವ ಉಗ್ರಾಣದ ಕೋಣೆಯನ್ನು ತೆರವು ಮಾಡಿಸಿ, ಒಂದು ಮೈಕು, ಒಂದು ಗಣಕ, ನಾಲ್ಕು ಕೌದಿಗಳನ್ನು ಒದಗಿಸಿಕೊಟ್ಟರೆ ಉಳಿದ ಕೆಲಸವನ್ನು ವಿದ್ಯಾರ್ಥಿಗಳಾದ ನಾವೇ ಮಾಡುತ್ತೇವೆ. ಪ್ರಾಂಶುಪಾಲರು ಈ ವಿಷಯವನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಯದಿಂದ ಪ್ರಾರ್ಥಿಸುತ್ತೇನೆ. ಎರಡು ಪಂಗಡದ ಮಿತ್ರರೂ ವಾದವನ್ನು ಆ ಕೋಣೆಯೊಳಗೇ ಮುಂದುವರಿಸಬಹುದು. ಅಜ್ಜಿಯಂದಿರು ಹಾಡುವಷ್ಟು ಹೊತ್ತು ಮಾತ್ರ ಸುಮ್ಮನಿದ್ದರೆ ಸಾಕು.