ವ್ಯಾಪಾರದ ಬುದ್ಧಿ ಯಾರ ಸೊತ್ತು?

ಪಾವಗಡ ತಾಲ್ಲೂಕಿನ ವೈ. ಎನ್. ಹೊಸಕೋಟೆ ಕೈಮಗ್ಗದ ರೇಷ್ಮೆ ಸೀರೆಗೆ ಹೆಸರಾದ ಊರು. ಮಳೆಯನ್ನು ನಂಬಲಾಗದ ಆ ಸೀಮೆಯಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಮಗ್ಗದ ಬಲದಿಂದಲೇ. ಆದರೆ ಸೀರೆ ನೇಯ್ದವನಿಗೆ ಅದರ ಬೆಲೆ ಕಟ್ಟುವ ಅಧಿಕಾರವುಂಟೇ?

ಕೂಲಿ ನೇಕಾರಿಕೆಯ ರೀತಿ ನಮ್ಮ ಓದುಗರಿಗೆ ಹೊಸದಲ್ಲ. ಹಾಸು, ಹೊಕ್ಕು, ಜರಿ ಎಲ್ಲವನ್ನೂ ಸಾಹುಕಾರ ಕೊಡುತ್ತಾನೆ. ನೇಯ್ದ ಸೀರೆ ಅವನ ಅಂಗಡಿಗೇ ಹೋಗುತ್ತದೆ. ನೇಕಾರನಿಗೆ ಸೀರೆಗೆ ಇಷ್ಟೆಂದು ಕೂಲಿ. ಹೆಂಡತಿ ಕಂಡಿಕೆ ಸುತ್ತಿದ್ದಕ್ಕೆ, ಮನೆಮಂದಿಯೆಲ್ಲ ಹಾಸಿಗೆ ಕೈಕೊಟ್ಟಿದ್ದಕ್ಕೆ ಬೇರೆ ಲೆಕ್ಕವಿಲ್ಲ. ಮದುವೆಗೋ ಕಾಯಿಲೆಗೋ ಮುಂಗಡ ತಂದರಂತೂ ಅದು ತೀರುವತನಕ ಇನ್ನೊಬ್ಬರಿಗೆ ನೇಯುವಂತಿಲ್ಲ.

ಸಾಹುಕಾರನ ಬಲ ಹಣವೊಂದೇ ಎಂದು ತಿಳಿಯುವುದು ತಪ್ಪು. ನೂಲು ಎಲ್ಲಿ ಅಗ್ಗ, ಯಾವ ಅಂಚು ಯಾವ ಪೇಟೆಯಲ್ಲಿ ಓಡುತ್ತದೆ, ಲಗ್ನದ ಕಾಲಕ್ಕೆ ಎಷ್ಟು ಮಾಲು ಕೂಡಿಡಬೇಕು, ಸಾಲ ಯಾರಿಗೆ ಕೊಡಬಹುದು ಎಂಬುದನ್ನೆಲ್ಲ ಅವನು ಬಲ್ಲ. ಇದೂ ಒಂದು ವಿದ್ಯೆ. ಇದನ್ನು ಶಪಿಸುತ್ತ ಕುಳಿತರೆ ನಮ್ಮ ಕೂಲಿ ಬಿಡಿಕಾಸೂ ಹೆಚ್ಚುವುದಿಲ್ಲ. ದುಡಿಯುವವರು ಇದನ್ನು ಕಲಿತು ತಮ್ಮದಾಗಿಸಿಕೊಳ್ಳಬೇಕು.

ಹಾಗೆ ಮಾಡಿದವರಿದ್ದಾರೆ. 1844ರಲ್ಲಿ ಇಂಗ್ಲೆಂಡಿನ ರೋಚ್‌ಡೇಲ್ ಎಂಬ ಗಿರಣಿ ಊರಿನಲ್ಲಿ ನೇಕಾರರೂ ಇತರ ಕಸುಬಿನವರೂ ಸೇರಿ 28 ಪೌಂಡು ಕೂಡಿಸಿ ಒಂದು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದಬತ್ತಿ, ಇಷ್ಟೇ ಸರಕು. ಕಲಬೆರಕೆಯಿಲ್ಲ, ತೂಕದಲ್ಲಿ ಮೋಸವಿಲ್ಲ, ಉದ್ದರಿಯಿಲ್ಲ. ಒಬ್ಬನಿಗೆ ಒಂದೇ ಮತ. ಕೊಂಡಷ್ಟಕ್ಕೆ ತಕ್ಕಂತೆ ಲಾಭದ ಪಾಲು. ಲೋಕದ ಸಹಕಾರ ಸಂಘಗಳಿಗೆಲ್ಲ ಆ ಅಂಗಡಿಯ ನಿಯಮಗಳೇ ಮಾದರಿಯಾದವು. ನಮ್ಮ ನಾಡಿನಲ್ಲಿಯೂ 1905ರಲ್ಲೇ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿಕರ ಪತ್ತಿನ ಸಂಘ ಕಟ್ಟಿ ದಾರಿ ತೋರಿದರು.

ಕಾರ್ಮಿಕರಿಗೆ ವ್ಯಾಪಾರ ಒಗ್ಗದು ಎನ್ನುವವರು ಕಾಫಿ ಹೌಸಿನ ಕಥೆ ಕೇಳಲಿ. 1950ರ ದಶಕದಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟು ನೌಕರರು ಬೀದಿಗೆ ಬಿದ್ದರು. ಎ. ಕೆ. ಗೋಪಾಲನ್ ಅವರ ಪ್ರೋತ್ಸಾಹದಿಂದ ಅವರು ತಾವೇ ಸಹಕಾರ ಸಂಘ ಕಟ್ಟಿದರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರ ಆಗಸ್ಟಿನಲ್ಲಿ, ಬೆಂಗಳೂರಿನಲ್ಲಿ. ತಟ್ಟೆ ಲೋಟ ಹಿಡಿದ ಕೈಯೇ ಜಮಾಖರ್ಚಿನ ಪುಸ್ತಕವನ್ನೂ ಹಿಡಿಯಿತು.

ಹಾಗಾದರೆ ನಮ್ಮ ಕಡೆಯ ಎಷ್ಟೋ ಸಂಘಗಳು ಬರಿಯ ಬೋರ್ಡಾಗಿ ಉಳಿದದ್ದೇಕೆ? ಮಗ್ಗ ಮುಟ್ಟದವರು ಸದಸ್ಯರಾದರು. ಸರ್ಕಾರದ ಸಹಾಯಧನ ಬಂದಾಗ ಮಾತ್ರ ಬಾಗಿಲು ತೆರೆಯಿತು. ಲೆಕ್ಕವನ್ನು ಕಾರ್ಯದರ್ಶಿಯೊಬ್ಬನೇ ಬಲ್ಲ, ಉಳಿದವರು ಹೆಬ್ಬೆಟ್ಟು ಒತ್ತಿದರು. ಲೆಕ್ಕ ಕೇಳದ ಸದಸ್ಯರಿರುವ ಸಂಘ ಇನ್ನೊಬ್ಬ ಸಾಹುಕಾರನನ್ನು ಸಾಕುತ್ತದೆ, ಅಷ್ಟೆ. 1985ರ ಕಾಯಿದೆ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು, ಸರಿ. ಆದರೆ ಮೀಸಲು ಮಾಡಿದ ಕಾನೂನು ಮಾಲು ಮಾರಿಕೊಡುವುದಿಲ್ಲ.

ಇಲ್ಲಿ ಸಣ್ಣ ವ್ಯಾಪಾರಿಗಳಿಗೆ ಒಂದು ಮಾತು. ದೊಡ್ಡ ಬಂಡವಾಳದ ಅಂಗಡಿಗಳು ನೇಕಾರನ ಕೂಲಿಯನ್ನು ಹಿಂಡುವಂತೆಯೇ ನಿಮ್ಮ ಗಿರಾಕಿಯನ್ನೂ ಕಸಿಯುತ್ತಿವೆ. ಕೂಲಿಯವನ ಜೇಬು ಬರಿದಾದರೆ ನಿಮ್ಮ ಉದ್ದರಿ ಪುಸ್ತಕ ದಪ್ಪವಾಗುತ್ತದೆಯೇ ಹೊರತು ಗಲ್ಲಾ ಪೆಟ್ಟಿಗೆ ತುಂಬುವುದಿಲ್ಲ. ಖರೀದಿ, ದಾಸ್ತಾನು, ಲೆಕ್ಕ ನಿಮಗೆ ಗೊತ್ತು. ವಾರಕ್ಕೊಂದು ಸಂಜೆ ಈ ವಿದ್ಯೆಯನ್ನು ನೇಕಾರರ ಸಂಘದಲ್ಲಿ ಹೇಳಿಕೊಡಿ. ಗಿರಣಿಯ ಬಂಧುಗಳು ಹಬ್ಬಕ್ಕೆ, ಮದುವೆಗೆ ಸೀರೆ ಕೊಳ್ಳುವಾಗ ಸಂಘದ ಮಳಿಗೆಯನ್ನು ಮೊದಲು ಹೊಕ್ಕು ನೋಡಲಿ. ನೇಕಾರರು ತಮ್ಮ ಸಂಘದ ಮುಂದಿನ ಮಹಾಸಭೆಯಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳಲಿ: ನೂಲು ಎಷ್ಟಕ್ಕೆ ಬಂತು? ಸೀರೆ ಎಷ್ಟಕ್ಕೆ ಹೋಯಿತು? ನಡುವಿನ ಹಣ ಎಲ್ಲಿ?

ಬದಲಾವಣೆ ಆರಂಭವಾಗುವುದು ಈ ಮೂರು ಪ್ರಶ್ನೆಗಳಿಂದಲೇ.