ಕಣ್ಣು ಒಣಗುವುದು ಸಣ್ಣ ಮಾತಲ್ಲ

ಕಣ್ಣು ಒಣಗಿದೆಯೆಂದು ಹೇಳುವವನ ಕಣ್ಣಿನಿಂದ ನೀರು ಸುರಿಯುತ್ತಿದ್ದರೆ ನಮಗೆ ನಗು ಬರುತ್ತದೆ. ಅವನು ಹೇಳುವುದು ಸುಳ್ಳಲ್ಲ. ಕಣ್ಣೀರೆಂದರೆ ಬರಿಯ ಉಪ್ಪುನೀರಲ್ಲ. ಕಣ್ಣಿಗಂಟುವ ಲೋಳೆ, ನೀರು, ಆ ನೀರು ಆರದಂತೆ ಕಾಯುವ ತೆಳುವಾದ ಎಣ್ಣೆಯ ಪೊರೆ, ಇವು ಕೂಡಿದ ಲೇಪ. ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳು ಕಟ್ಟಿಕೊಂಡು ಎಣ್ಣೆ ಕಡಮೆಯಾದರೆ ಲೇಪವು ಬೇಗನೆ ಒಡೆದು ಉರಿಯುಂಟಾಗುತ್ತದೆ. ಅದಕ್ಕೆ ಉತ್ತರವೆಂಬಂತೆ ನೀರು ಹರಿಯುತ್ತದೆ. ಹರಿದರೇನು, ಎಣ್ಣೆಯಿಲ್ಲದ ನೀರು ನಿಲ್ಲದು. ಇಂಥವರಿಗೆ ಬೆಚ್ಚನೆಯ ಬಟ್ಟೆಯ ಶಾಖವೇ ಮೊದಲ ಉಪಚಾರ.

ನಿಮಿಷಕ್ಕೆ ಸುಮಾರು 15 ಸಲ ಬಡಿಯುವ ರೆಪ್ಪೆ, ಮೊಬೈಲಿನ ಪರದೆಯನ್ನು ನೋಡುವಾಗ ಅರ್ಧಕ್ಕೂ ಕೆಳಗಿಳಿಯಬಹುದು. ಆಗಾಗ ಕಣ್ಣನ್ನು ಪೂರ್ತಿಯಾಗಿ ಮುಚ್ಚಿ ತೆರೆಯುವುದನ್ನು ವಿದ್ಯಾರ್ಥಿಗಳು ರೂಢಿಸಿಕೊಳ್ಳಬೇಕು.

ನನ್ನ ಆಕ್ಷೇಪವಿರುವುದು ಅಂಗಡಿಯಲ್ಲಿ ಕೈಗೆ ಸಿಕ್ಕ ಹನಿಯನ್ನು ಕೊಳ್ಳುವ ಅಭ್ಯಾಸಕ್ಕೆ. ಕೆಂಪು ಕಳೆಯುವ ಹನಿಯು ರಕ್ತನಾಳಗಳನ್ನು ಕುಗ್ಗಿಸುತ್ತದೆಯೇ ಹೊರತು ಒಣಗುವುದನ್ನು ನಿಲ್ಲಿಸದು. ಬಿಟ್ಟೊಡನೆ ಕೆಂಪು ಮರಳಲೂಬಹುದು. ಕೃತಕ ಕಣ್ಣೀರು ಮೇಲು, ನಿಜ. ಆದರೆ ಅದರಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕವಿದ್ದು, ದಿನಕ್ಕೆ ಹಲವು ಸಲ ಹಾಕಿದರೆ ಕಣ್ಣಿನ ಮೇಲ್ಪದರಕ್ಕೇ ಕೆಡುಕು. ಪದೇ ಪದೇ ಹಾಕಬೇಕಾದವರು ಸಂರಕ್ಷಕವಿಲ್ಲದುದನ್ನು ಕೇಳಿ ಪಡೆಯತಕ್ಕದ್ದು.

ರಾತ್ರಿಯ ತೊಂದರೆ ಬೇರೆ. ನಿದ್ರೆಯಲ್ಲಿ ಕಣ್ಣೀರು ಒಸರುವುದು ತೀರ ಕಡಮೆ. ಕೆಲವರ ರೆಪ್ಪೆ ಪೂರ್ತಿ ಮುಚ್ಚುವುದೂ ಇಲ್ಲ. ಇದು ಅವರಿಗೇ ತಿಳಿಯದು, ಹಾಸ್ಟೆಲಿನ ಗೆಳೆಯನೇ ನೋಡಿ ಹೇಳಬೇಕು! ಮುಖಕ್ಕೆ ನೇರವಾಗಿ ಫ್ಯಾನಿನ ಗಾಳಿ ಬಡಿದರಂತೂ ಬೆಳಗಾಗುವಷ್ಟರಲ್ಲಿ ಕಣ್ಣೊಳಗೆ ಮರಳು ಹೊಯ್ದಂತಾಗುತ್ತದೆ. ಮಲಗುವಾಗ ಹಚ್ಚುವ ಮುಲಾಮು ದೃಷ್ಟಿಯನ್ನು ತುಸು ಮಬ್ಬಾಗಿಸಿದರೂ ಹನಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಕಣ್ಣಿನೊಡನೆ ಬಾಯಿಯೂ ಒಣಗುತ್ತಿದ್ದರೆ, 1933ರಲ್ಲಿ ಸ್ವೀಡನ್ನಿನ ವೈದ್ಯ ಹೆನ್ರಿಕ್ ಷೋಗ್ರೆನ್ ವಿವರಿಸಿದ ವ್ಯಾಧಿಯಿರಬಹುದು. ಅದು ಅಂಗಡಿಯ ಹನಿಗೆ ಬಗ್ಗುವಂಥದಲ್ಲ.