ಪ್ರತಿಜ್ಞೆ ಹಿರಿಯರದಾಗಲಿ

ಪುಣೆಯಿಂದ ಹೈದರಾಬಾದಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯು ಬಸವಕಲ್ಯಾಣ ತಾಲೂಕನ್ನು ಹಾದು ಹುಮನಾಬಾದಿನ ಮೂಲಕ ಮುಂದುವರಿಯುವುದರಿಂದ, ಆಂಧ್ರ-ಒಡಿಶಾ ಗಡಿಯ ಬೆಟ್ಟಸೀಮೆಯ ಗಾಂಜಾ ಮಹಾರಾಷ್ಟ್ರದತ್ತ ಸಾಗುವಾಗ ಬೀದರ ಜಿಲ್ಲೆಯಲ್ಲಿ ಸಿಕ್ಕಿಬಿದ್ದ ವಾರ್ತೆಯನ್ನು ನಾವು ಆಗಾಗ್ಗೆ ಓದುತ್ತೇವೆ. ಓದಿ, ವಿಪತ್ತು ಲಾರಿಯೇರಿ ಹೊರಗಿನಿಂದ ಬರತಕ್ಕದ್ದೆಂದೂ, ಅದನ್ನು ತಡೆಯುವುದು ಪೊಲೀಸರ ಕರ್ತವ್ಯವೆಂದೂ ನಿಶ್ಚಿಂತರಾಗುತ್ತೇವೆ.

ಆದರೆ ಮಗುವಿಗೆ ಮಾದಕದ ಪ್ರಥಮ ಪರಿಚಯವಾಗುವುದು ಬಹುಮಟ್ಟಿಗೆ ಮನೆಯ ಹೊಸ್ತಿಲಿನಲ್ಲಿಯೇ. ಮಕ್ಕಳಿಗೆ ತಂಬಾಕು ಮಾರಕೂಡದು, ವಿದ್ಯಾಸಂಸ್ಥೆಗಳ ಸಮೀಪದಲ್ಲಿ ಅದರ ಮಾರಾಟವೇ ಸಲ್ಲದು ಎಂದು 2003ರ ಕಾಯಿದೆಯು ವಿಧಿಸಿದ್ದರೂ, ಬೀಡಿ-ಗುಟ್ಕಾ ತರಲು ಹಿರಿಯರೇ ಬಾಲಕನ ಕೈಗೆ ಚಿಲ್ಲರೆ ಕೊಟ್ಟು ಪಾನ್ ಡಬ್ಬಿಗೆ ಕಳುಹಿಸುತ್ತಾರೆ. ‘ಅಪ್ಪನಿಗೆ ಬೇಕಂತೆ’ ಎಂಬ ಒಂದು ಮಾತಿನ ಮುಂದೆ ಕಾಯಿದೆ ತಲೆಬಾಗುತ್ತದೆ.

ವ್ಯಸನವು ದುರ್ಬಲ ಮನಸ್ಸಿನವರ ದೋಷವೆಂಬುದು ಪ್ರಚಲಿತವಾದ ಭ್ರಾಂತಿ. ವ್ಯಸನಪ್ರವೃತ್ತಿಯಲ್ಲಿ ಸುಮಾರು ಅರ್ಧದಷ್ಟು ಭಾಗ ವಂಶಾನುಗತವೆಂದು ವೈದ್ಯವಿಜ್ಞಾನ ಗಣಿಸುತ್ತದೆ. ಆವೇಗಕ್ಕೆ ಕಡಿವಾಣ ಹಾಕುವ ಮೆದುಳಿನ ಮುಂಭಾಗವು ಪೂರ್ಣ ಪಕ್ವವಾಗಲು ಇಪ್ಪತ್ತೈದರ ಆಸುಪಾಸಿನ ವಯಸ್ಸು ಬೇಕು. ಇವುಗಳ ಜೊತೆಗೆ, ತಂದೆತಾಯಿಗಳು ದುಡಿಮೆಯನ್ನರಸಿ ಪುಣೆ, ಮುಂಬೈ, ಹೈದರಾಬಾದುಗಳಿಗೆ ಹೋಗಿರುವಾಗ ಅಜ್ಜಿಯ ಆಶ್ರಯದಲ್ಲಿ ಬೆಳೆಯುವ ಮಗುವಿನ ಏಕಾಂತ, ಪರೀಕ್ಷೆಯ ಸೋಲು, ಗೆಳೆಯರ ಒತ್ತಾಯ ಇವೂ ಸೇರಿದಾಗ ಅಪಾಯ ದ್ವಿಗುಣಿಸುತ್ತದೆ. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ, ಮೂಸುವ ದ್ರವ್ಯಗಳ ಬಳಕೆ ವಯಸ್ಕರಲ್ಲಿ ಶೇ. 0.58 ಇದ್ದರೆ ಮಕ್ಕಳಲ್ಲಿ ಶೇ. 1.17 ಇತ್ತು. ವೈಟ್ನರು, ಪಂಕ್ಚರ್ ತಿದ್ದುವ ಸಲ್ಯೂಷನ್ನು ಮುಂತಾದ ಈ ವಸ್ತುಗಳಿಗೆ ಯಾವ ಲಾರಿಯೂ ಬೇಕಿಲ್ಲ. ಪುಸ್ತಕದಂಗಡಿ, ಸೈಕಲ್ ಅಂಗಡಿಗಳೇ ಸಾಕು.

ಆದಕಾರಣ ಎಚ್ಚರವು ಹತ್ತಿರದಿಂದಲೇ ಆರಂಭವಾಗಬೇಕು. ಹಳೆಯ ಗೆಳೆತನಗಳನ್ನು ಥಟ್ಟನೆ ತೊರೆದ, ಶಾಲೆ ತಪ್ಪಿಸುವ, ಮನೆಯ ಹಣ ಮುಟ್ಟತೊಡಗಿದ ಮಗುವನ್ನು ದಂಡಿಸುವುದಕ್ಕೆ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಅದರ ಮಾತು ಕೇಳುವುದು ವಿವೇಕ. ಏಕೆಂದರೆ ಬಡಿಗೆಗೆ ಅಂಜಿದ ಮಗು ಚಟವನ್ನು ಬಿಡದೆ ಬಚ್ಚಿಡುವುದನ್ನು ಕಲಿಯುತ್ತದೆ. 2015ರ ಬಾಲನ್ಯಾಯ ಕಾಯಿದೆಯೂ ಮಗುವಿಗೆ ಮಾದಕವಿತ್ತವನಿಗೆ ಏಳು ವರ್ಷಗಳವರೆಗಿನ ಕಠಿಣ ಸೆರೆವಾಸವನ್ನು ವಿಧಿಸಿ, ಅಪರಾಧದ ಹೊರೆಯನ್ನು ವಯಸ್ಕರ ಹೆಗಲಿಗೇ ಏರಿಸಿದೆ. ಮಾರ್ಗ ತೋಚದವರಿಗೆ 14446 ಸಂಖ್ಯೆಯ ಸಹಾಯವಾಣಿ ಇದೆ.

ದಂಡಿಸದೆ ಹತ್ತಿರ ಕೂರಿಸಿಕೊಳ್ಳುವ ಈ ವಿವೇಕ ಕಲ್ಯಾಣದ ನೆಲಕ್ಕೆ ಹೊಸದಲ್ಲ. ಹೆಂಡ ಮಾರುವ ಕಾಯಕದ ಮಾರಯ್ಯನನ್ನೂ ಶರಣರು ತಮ್ಮವನೆಂದೇ ಅಪ್ಪಿಕೊಂಡರು, ಅವನಿಂದ ವಚನಗಳನ್ನೂ ಕೇಳಿದರು. ನಮ್ಮ ಕಾಲದಲ್ಲಿ ಇಳಕಲ್ಲಿನ ಮಹಾಂತ ಸ್ವಾಮಿಗಳು ಊರೂರು ತಿರುಗಿ ಜೋಳಿಗೆಯೊಡ್ಡಿ ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ವ್ಯಸನಮುಕ್ತ ದಿನ. ಅಂದು ಶಾಲೆಯಂಗಳದಲ್ಲಿ ಮಕ್ಕಳಿಂದ ಕೈ ಚಾಚಿಸಿ ಪ್ರತಿಜ್ಞೆ ಮಾಡಿಸುವುದು ವಾಡಿಕೆ. ಆದರೆ ಸ್ವಾಮಿಗಳ ಜೋಳಿಗೆಗೆ ಚಟವನ್ನು ಹಾಕಬೇಕಾದವರು ಚಟವುಳ್ಳವರು. ಎಂದ ಮೇಲೆ ಬಸವಕಲ್ಯಾಣ, ಹುಮನಾಬಾದುಗಳ ಶಾಲೆಗಳು ಬರುವ ಆಗಸ್ಟಿನಲ್ಲಿ ತಂದೆಯರನ್ನು, ಶಿಕ್ಷಕರನ್ನು, ಅಂಗಡಿಕಾರರನ್ನು ಕರೆಸಿ, ಮಕ್ಕಳ ಸಮಕ್ಷಮದಲ್ಲಿ ಅವರಿಂದಲೇ ಪ್ರತಿಜ್ಞೆ ಮಾಡಿಸಲಿ: ಮಕ್ಕಳನ್ನು ತಂಬಾಕಿಗೆ ಕಳುಹಿಸೆವು, ಮಕ್ಕಳಿಗೆ ಮಾರೆವು, ಮಕ್ಕಳೆದುರು ಸೇವಿಸೆವು.